ಗಣಿತದ ಟೀಚರ್ ಬೇಕಾಗಿದ್ದಾರೆ

ಜೂನ್ 9, 1996

ಪ್ರೀತಿಯ ಅಕ್ಕ,

ಸ್ಟಾಫ್ ರೂಮಿನಲ್ಲಿ ಕೂತು ಬರೆಯುತ್ತಿದ್ದೇನೆ. ನೀನೂ ಇನ್ನು ಮುಂದೆ ಶಾಲೆಯ ವಿಳಾಸಕ್ಕೇ ಬರೆ. ಮನೆಗೆ ಬರೆದರೆ ಅಮ್ಮ ಒಡೆದು ಓದಿ, ಹೊಲಿಗೆ ಕಲಿಯಲು ಬರುವ ಹೆಂಗಸರಿಗೆಲ್ಲ ಕೇಳಿಸಿ, ಆಮೇಲೆ ನನ್ನ ಕೈಗೆ ಕೊಡುತ್ತಾಳೆ. ನಿನ್ನ ಮನೆಗೆ ಬಾಲ್ಕನಿ ಇದೆ ಎನ್ನುವುದು ಬೀದಿಗೆಲ್ಲ ಗೊತ್ತಾದ ಮೇಲೆ ನನಗೆ ಗೊತ್ತಾಯಿತು.

ಸುದ್ದಿ ಏನೆಂದರೆ, ನನ್ನ ಕೆಲಸ ಖಾಯಂ ಆಯಿತು. ಹನ್ನೊಂದು, ಹನ್ನೆರಡನೇ ತರಗತಿಯ ಭೌತಶಾಸ್ತ್ರ ಪೂರ್ತಿ ನನ್ನದೇ. ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಇರುವವಳ ವಿಷಯ ಹೋದ ಸಲ ಹೇಳಿದ್ದೆನಲ್ಲ, ಅವಳದೂ ಖಾಯಂ ಕೆಲಸವೇ. ಬರುವ ಮಾರ್ಚಿನಲ್ಲಿ ಮದುವೆ ಆಗೋಣ ಅಂದುಕೊಂಡಿದ್ದೇವೆ. ಇಬ್ಬರೂ ಡಿಗ್ರಿ ಮಾಡಿದವರು, ಇಬ್ಬರಿಗೂ ಸಂಬಳ. ಊರು ಬಿಡದೆಯೂ ಒಂದು ನೆಟ್ಟಗಿನ ಬದುಕು ಕಟ್ಟಬಹುದು ಎಂದು ನನಗೆ ಮೊದಲ ಸಲ ಅನ್ನಿಸುತ್ತಿದೆ.

ಊರು ಹೇಗಿದೆ ಅಂತ ನೀನು ಕೇಳಿದ್ದೀಯ. ಗಾಜಿನ ಕಾರ್ಖಾನೆ ಮುಚ್ಚಿ ಐದು ವರ್ಷವಾಯಿತಲ್ಲ, ಈಗ ಮನೆ ಮಾಲೀಕರೇ ಬಾಡಿಗೆದಾರರನ್ನು ಹುಡುಕಿಕೊಂಡು ಬರುತ್ತಾರೆ. ಹಲ್ಲಿನ ಡಾಕ್ಟರು ಗುರುವಾರ ಮಾತ್ರ ಬರುವುದು. ಹಾಗಾಗಿ ಇಲ್ಲಿ ಯಾರಿಗೇ ಹಲ್ಲು ನೋಯುವುದಿದ್ದರೂ ಬುಧವಾರ ನೋಯಬೇಕು.

ಇನ್ನೊಂದು ವಿಷಯ. ನಮ್ಮ ಗಣಿತದ ಮೇಡಂ ಕೆಲಸ ಬಿಟ್ಟು ಗಂಡನ ಊರಿಗೆ ಹೊರಟುಹೋದರು. ಹೆಡ್‌ಮಿಸ್ ನಿನ್ನೆ ಕರೆದು, "ನಿಮ್ಮಕ್ಕ ಗಣಿತದಲ್ಲಿ ಎಂ.ಎಸ್ಸಿ. ಅಲ್ವಾ? ಚಿನ್ನದ ಪದಕ ಬೇರೆ. ಬರ್ತಾರಾ ಕೇಳಿ," ಅಂದರು. "ಅವಳು ದೊಡ್ಡ ಕಂಪನೀಲಿದಾಳೆ ಮೇಡಂ," ಅಂದೆ. "ಕೇಳೋಕೆ ಏನು ಗಂಟು ಹೋಗುತ್ತೆ?" ಅಂದರು. ಅದಕ್ಕೇ ಕೇಳಿದ್ದೇನೆ. ಮೇಲಿನವರಿಂದ ಒಂದು ಸುತ್ತೋಲೆ ಬಂದು ಅವರಿಗೆ ಸ್ವಲ್ಪ ತಲೆಬಿಸಿ ಆಗಿದೆ, ಅದು ಶಾಲೆಯ ವಿಷಯ, ನಿನಗ್ಯಾಕೆ. ಬಲವಂತವೇನಿಲ್ಲ.

ನಿನ್ನ ತಮ್ಮ


ಜುಲೈ 14, 1996

ಖಾಯಂ ಮೇಷ್ಟ್ರಿಗೆ ನಮಸ್ಕಾರ!

ನಿಜವಾಗ್ಲೂ ಖುಷಿ ಆಯ್ತು ಕಣೋ. ಮಾತ್ರೆ ಮೇಡಂಗೂ ನನ್ನ ಶುಭಾಶಯ ಹೇಳು. (ಈ ಹೆಸರು ಇಟ್ಟಿದ್ದು ನಾನು ಅಂತ ಮಾತ್ರ ಹೇಳಬೇಡ.)

ಹೆಡ್‌ಮಿಸ್ ನನ್ನ ನೆನಪಿಟ್ಟುಕೊಂಡಿದ್ದಕ್ಕೆ ಥ್ಯಾಂಕ್ಸ್ ಹೇಳು. ಆದ್ರೆ ಪುಟ್ಟ, ನಾನು ಯಾಕೋ ಬರ್ಲಿ? ಇಲ್ಲಿ ನನ್ನ ಕೆಲಸ ಏನು ಗೊತ್ತಾ? ಯಾವ ಊರಲ್ಲಿ ಯಾರು ಯಾವ ಸೋಪು ಹಚ್ಕೋತಾರೆ, ಎಷ್ಟು ಮನೇಲಿ ಫ್ರಿಜ್ ಇದೆ ಅಂತ ನಮ್ಮ ಕಂಪನಿಯವರು ಮನೆಮನೆಗೆ ಹೋಗಿ ಕೇಳಿ ಬರ್ಕೊಂಡು ಬರ್ತಾರೆ. ಅದನ್ನೆಲ್ಲ ಕಂಪ್ಯೂಟರಿಗೆ ಹಾಕಿ, ಹೀಗೆ ಅಂದ್ರೆ ಹೀಗೆ ಅಂತ ಅರ್ಥ ಹೇಳೋಳು ನಾನು. ನನ್ನ ಕೈಕೆಳಗೆ ನಾಲ್ಕು ಜನ. ಏಳನೇ ಮಹಡೀಲಿ ಕಿಟಕಿ ಪಕ್ಕದ ಕುರ್ಚಿ.

ಹೇಳಬಾರದು ಅಂತಿದ್ದೆ, ಹೇಳಿಬಿಡ್ತೀನಿ. ನಾವು ಸಮೀಕ್ಷೆ ಮಾಡೋ ಊರುಗಳ ಪಟ್ಟಿ ಒಂದಿದೆ. ಹೋದ ತಿಂಗಳು ಅದರಿಂದ ನಮ್ಮೂರನ್ನ ತೆಗೆದ್ರು. ಅಲ್ಲಿ ಕೊಳ್ಳೋರು ಕಡಿಮೆ ಆದ್ರಂತೆ. ಆ ಸಾಲು ಅಳಿಸಿದ್ದು ನಾನೇ, ನನ್ನ ಕೈಯಾರೆ. ನೀನು ಬತ್ತೋ ಕೆರೇಲಿ ಮೀನು ಸಾಕೋಕೆ ಹೊರಟಿದೀಯ ಕಣೋ. ಇಬ್ಬರೂ ಇಲ್ಲಿಗೆ ಬಂದುಬಿಡಿ. ಕೆಲಸ ನಾನು ಹುಡುಕ್ತೀನಿ. ಮೊದಲ ನಾಲ್ಕು ದಿನ ನನ್ನ ಮನೇಲೇ ಇದ್ರಾಯ್ತು.

ಅಮ್ಮಂಗೆ ಮಂಡಿನೋವು ಅಂತ ಯಾರೋ ಹೇಳಿದ್ರು. ಅದಕ್ಕೇನಾದ್ರೂ ನನ್ನ ಕರೀತಿದೀಯಾ? ಹಾಗಿದ್ರೆ ನೇರವಾಗಿ ಹೇಳು. ಹೆಡ್‌ಮಿಸ್ ಹೆಸರಲ್ಲಿ ಸುತ್ತಿಬಳಸಿ ಬರಬೇಡ.

ನಿನ್ನ ಅಕ್ಕ


ಆಗಸ್ಟ್ 25, 1996

ಅಕ್ಕ,

ಅಮ್ಮನ ಮಂಡಿ ಚೆನ್ನಾಗಿದೆ. ಹನ್ನೊಂದು ಜನಕ್ಕೆ ಹೊಲಿಗೆ ಹೇಳಿಕೊಡುವವಳ ಮಂಡಿಗೆ ನೋಯಲು ಪುರುಸೊತ್ತೆಲ್ಲಿ? ಹೆಡ್‌ಮಿಸ್ ಕೇಳಿದ್ದನ್ನು ಕೇಳಿದೆ, ಅಷ್ಟೇ. ನೀನು ಬರುವುದಿಲ್ಲ ಎಂದು ಅವರಿಗೆ ತಿಳಿಸಿದ್ದೇನೆ. ಗಣಿತದ ಪಾಠವನ್ನೂ ಸದ್ಯಕ್ಕೆ ನಾನೇ ತೆಗೆದುಕೊಳ್ಳುತ್ತಿದ್ದೇನೆ. ನಿನ್ನ ಹಳೆಯ ನೋಟ್ಸು ಅಟ್ಟದ ಮೇಲಿದ್ದವು. ಅಲ್ಲಲ್ಲಿ ಅಂಚಿನಲ್ಲಿ "ಇದು ಸುಲಭ" ಎಂದು ಬರೆದಿದ್ದೀಯ. ನನಗೇನೂ ಸುಲಭವಾಗಿಲ್ಲ.

ನಮ್ಮೂರಿನ ಸಾಲು ಅಳಿಸಿದ್ದನ್ನು ನಗುತ್ತಾ ಬರೆದಿದ್ದೀಯೋ ಬೇಜಾರಿನಿಂದ ಬರೆದಿದ್ದೀಯೋ ತಿಳಿಯಲಿಲ್ಲ. ನಾನು ಅದನ್ನು ನಿನ್ನ ಮಾತ್ರೆ ಮೇಡಂಗೆ ಓದಿ ಹೇಳಲಿಲ್ಲ.

ಹೋದ ಭಾನುವಾರ ನಾವಿಬ್ಬರೂ ಒಂದು ಮನೆ ನೋಡಿ ಬಂದೆವು. ಕಾರ್ಖಾನೆಯ ಆಫೀಸರುಗಳ ಸಾಲು ನೆನಪಿದೆಯಲ್ಲ? ಅಪ್ಪ ಸಂಬಳದ ದಿನ ಸೈಕಲ್ಲಿನಿಂದ ಇಳಿದು, ತಳ್ಳಿಕೊಂಡು ಹೋಗುತ್ತಿದ್ದ ಬೀದಿ. ಅದರಲ್ಲಿ ಏಳನೇ ಮನೆ. ಮೂರು ಕೋಣೆ, ಗೋಡೆಯೊಳಗೇ ಪುಸ್ತಕದ ಕಪಾಟು, ಅಡುಗೆಮನೆಗೆ ಎರಡು ಕಿಟಕಿ. ಮಾಲೀಕರು ಮಗಳ ಊರಿಗೆ ಹೋಗುತ್ತಿದ್ದಾರೆ. "ಯಾರಾದ್ರೂ ಓದಿದೋರು ಇದ್ರೆ ಸಾಕು, ನೀವು ಕೊಟ್ಟಷ್ಟು ಕೊಡಿ," ಅಂದರು. ಅಪ್ಪ ಕನಸಿನಲ್ಲೂ ಕಾಣದ ಮನೆ ನಮ್ಮ ಕೈಗೆ ಸಿಗುತ್ತದೆ ಅಕ್ಕ. ನಾನು ಕಪಾಟಿನ ಬಾಗಿಲು ತೆಗೆದು, ಹಾಕಿ, ಮತ್ತೆ ತೆಗೆದು ನೋಡಿದೆ.

ಅವಳು ಮಾತ್ರ ಹೊರಗೆ ಹೋಗಿ ಬೀದಿಯ ಈ ತುದಿಯಿಂದ ಆ ತುದಿಗೆ ನಡೆದು ಬಂದಳು. ಇಪ್ಪತ್ತೆರಡು ಮನೆ, ಜನ ಇರುವುದು ಆರರಲ್ಲಿ. "ಮನೆ ಸಿಗುತ್ತೆ ಸರಿ, ಪಕ್ಕದ ಮನೆಯವರು ಸಿಗ್ತಾರಾ?" ಅಂದಳು.

ಆದರೂ ತೆಗೆದುಕೊಳ್ಳುತ್ತೇವೆ ಎಂದು ಮಾತು ಕೊಟ್ಟಿದ್ದೇವೆ.

ತಮ್ಮ


ಡಿಸೆಂಬರ್ 1, 1996

ಪುಟ್ಟ,

ತಡವಾಯ್ತು ಕಣೋ, ಬೈಕೋಬೇಡ. ಕೆಲಸ ಜಾಸ್ತಿ. ಓಡಾಟವೂ ಜಾಸ್ತಿ. ಕವರಿನ ಮೇಲೆ ಹೊಸ ವಿಳಾಸ ಇದೆ ನೋಡು. ಆಫೀಸಿಗೆ ಇದು ಹತ್ತಿರ ಅಂತ ಬದಲಾಯಿಸಿದೆ. ಬಾಲ್ಕನಿ ಇಲ್ಲ. ಬಾಲ್ಕನಿ ಇಟ್ಕೊಂಡು ಏನು ಮಾಡೋದು, ಬರೀ ಧೂಳು.

ಮನೆ ವಿಷಯ ಓದಿ ಸಂತೋಷ ಆಯ್ತು. ಅಡುಗೆಮನೆಗೆ ಎರಡು ಕಿಟಕಿ! ಇಲ್ಲಿ ಒಂದು ಕಿಟಕಿಗೆ ನಾಲ್ಕು ಜನ.

ಆ ಗಣಿತದ ಹುದ್ದೆಗೆ ಹೆಡ್‌ಮಿಸ್‌ಗೆ ಯಾರಾದ್ರೂ ಸಿಕ್ಕಿದ್ರಾ? ಸುಮ್ಮನೆ ಕೇಳಿದೆ. ಯಾವಾಗಿನಿಂದ ಕೆಲಸಕ್ಕೆ ಸೇರಬೇಕು, ಬಿ.ಎಡ್. ಆಗಿರಲೇಬೇಕಾ, ಇದೆಲ್ಲ ಹೇಗೆ? ಇಲ್ಲಿ ನನ್ನ ಪರಿಚಯದೋಳು ಒಬ್ಬಳು ಇದಾಳೆ, ಅವಳಿಗೆ ಹೇಳೋಕೆ.

ನಿನ್ನ ಅಕ್ಕ


ಡಿಸೆಂಬರ್ 15, 1996

ಪ್ರೀತಿಯ ಅಕ್ಕ,

ನಿನ್ನ ಕೈಬರಹವೇ ಗುರುತು ಸಿಗದಷ್ಟು ಬದಲಾಗಿದೆ. ಬಸ್ಸಿನಲ್ಲಿ ಕೂತು ಬರೆದೆಯಾ? ಅಷ್ಟು ಕೆಲಸ ಮೈಮೇಲೆ ಹಾಕಿಕೊಳ್ಳಬೇಡ. ಕಂಪನಿ ನಿನ್ನನ್ನು ಇನ್ನೂ ಮೇಲಕ್ಕೆ ಹತ್ತಿಸುತ್ತಿದೆ ಅಂತ ಕಾಣುತ್ತದೆ.

ಹುದ್ದೆಯ ಚಿಂತೆ ನಿನಗೆ ಬೇಡ. ಕನ್ನಡಕ ಹಾಕಿಕೊಂಡ ಮೇಷ್ಟ್ರೊಬ್ಬರು ಹೋದ ತಿಂಗಳು ಬಂದು ನೋಡಿಕೊಂಡು ಹೋದರು. ಬಹುಮಟ್ಟಿಗೆ ಖಚಿತವಾದ ಹಾಗೆಯೇ. ನಿನ್ನ ಪರಿಚಯದವಳಿಗೆ ಬೇರೆ ಕಡೆ ನೋಡಲು ಹೇಳು. ನಿಜ ಹೇಳಬೇಕೆಂದರೆ, ಆ ದೊಡ್ಡ ಊರಿನ ರುಚಿ ಕಂಡವರಿಗೆ ಇಲ್ಲಿ ಹಿಡಿಸುವುದೂ ಇಲ್ಲ.

ಮದುವೆ ಮಾರ್ಚ್ 23, ಭಾನುವಾರ. ಮೂವತ್ತು ಜನ, ಶಾಲೆಯ ಸಭಾಂಗಣದಲ್ಲಿ. ನೀನು ಎರಡು ದಿನ ಮೊದಲೇ ಬರಬೇಕು. ಅಮ್ಮ ನಿನಗೊಂದು ರವಿಕೆ ಹೊಲಿದಿಟ್ಟಿದ್ದಾಳೆ. ಅಳತೆ ಹಳೆಯದು, ನೀನು ಅಲ್ಲಿ ದಪ್ಪಗಾಗಿದ್ದರೆ ಬಿಚ್ಚಿ ಹೊಲಿಯುತ್ತಾಳಂತೆ.

ತಮ್ಮ


ಮಾರ್ಚ್ 12, 1997

ಪುಟ್ಟ,

ಹೇಗೆ ಬರೀಲಿ ಅಂತಾನೇ ತಿಳೀತಿಲ್ಲ. ಮದುವೆಗೆ ಬರೋಕಾಗಲ್ಲ ಕಣೋ. ರಜೆ ಸಿಗ್ತಿಲ್ಲ. ಹೊಸ ಸಮೀಕ್ಷೆ ಶುರುವಾಗಿದೆ, ನಾನಿಲ್ಲದೆ ನಡೆಯಲ್ಲ ಅಂತಾರೆ. ಅಮ್ಮಂಗೆ ನೀನೇ ಹೇಗಾದ್ರೂ ಸಮಾಧಾನ ಮಾಡು.

ಇಬ್ಬರೂ ಚೆನ್ನಾಗಿರಿ.

ಅಕ್ಕ


ಮೇ 18, 1997

ಅಕ್ಕ,

ಎರಡು ತಿಂಗಳು ಬರೆಯಬಾರದು ಎಂದೇ ಇದ್ದೆ. ಒಬ್ಬನೇ ತಮ್ಮನ ಮದುವೆಗೆ ಒಂದು ದಿನದ ಮಟ್ಟಿಗೆ ಬರಲಾಗದಷ್ಟು ದೊಡ್ಡ ಕೆಲಸ ಇರುತ್ತದೆಯೇ? ಫೋಟೋ ತೆಗೆಯುವಾಗ ಅಮ್ಮ ತನ್ನ ಪಕ್ಕದ ಕುರ್ಚಿಯಲ್ಲಿ ಯಾರನ್ನೂ ಕೂರಲು ಬಿಡಲಿಲ್ಲ. ಎಲ್ಲ ಫೋಟೋದಲ್ಲೂ ಆ ಖಾಲಿ ಕುರ್ಚಿ ಇದೆ.

ಅದು ಹಾಗಿರಲಿ. ಈಗ ಹೇಳಬೇಕಾದದ್ದು ಬೇರೆ. ವಿಜ್ಞಾನ ವಿಭಾಗವನ್ನು ಮುಚ್ಚಿದರು. ಹೋದ ಜೂನಿನಲ್ಲಿ ಒಂದು ಸುತ್ತೋಲೆಯ ಮಾತು ಬರೆದಿದ್ದೆನಲ್ಲ, ಅದರಲ್ಲಿ ಇದ್ದದ್ದು ಇಷ್ಟೇ: ಮಾರ್ಚ್ ಮೂವತ್ತೊಂದರೊಳಗೆ ಗಣಿತಕ್ಕೆ ಖಾಯಂ ಟೀಚರ್ ಇರಬೇಕು, ಇಲ್ಲವಾದರೆ ವಿಭಾಗ ರದ್ದು. ನಾನು ನಿನಗೆ ತಿಳಿಸಲಿಲ್ಲ. ತಿಳಿಸಿದರೆ ಕುತ್ತಿಗೆ ಹಿಡಿದು ಕರೆದ ಹಾಗಾಗುತ್ತದೆ ಅನ್ನಿಸಿತು. ಕನ್ನಡಕದವರು ಖಚಿತ ಅಂತ ಬರೆದದ್ದೂ ಸುಳ್ಳು. ಅವರು ಶಾಲೆ ನೋಡಿದರು, ಟೀ ಕುಡಿದರು, ಹೆಂಡತಿಗೆ ಇಲ್ಲಿ ಏನು ಕೆಲಸ ಸಿಗುತ್ತದೆ ಎಂದು ಕೇಳಿದರು. ನಾನು ಯೋಚಿಸುತ್ತಿರುವಷ್ಟರಲ್ಲೇ ಎದ್ದು ಮಧ್ಯಾಹ್ನದ ಬಸ್ಸು ಹಿಡಿದರು.

ಹತ್ತೊಂಬತ್ತು ಮಕ್ಕಳಿದ್ದರು. ಹನ್ನೆರಡು ಜನ ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲಿ ಹೋಗಿಬಂದು ಓದುತ್ತಾರೆ. ನಾಲ್ಕು ಮನೆಯವರು ಮಕ್ಕಳ ಓದಿಗೆಂದೇ ಊರು ಬಿಟ್ಟರು. ಉಳಿದ ಮೂವರೂ ಹುಡುಗಿಯರು. ಅವರನ್ನು ಬಸ್ಸಿಗೆ ಹತ್ತಿಸುವವರಿಲ್ಲ, ಓದು ನಿಂತಿತು. ಅವರಲ್ಲೊಬ್ಬಳು ನಿನ್ನ ನೋಟ್ಸನ್ನು ಅರ್ಧ ನಕಲು ಮಾಡಿಕೊಂಡಿದ್ದಳು. ಕೊನೆಯ ದಿನ ತಂದು, "ಸರ್, ಇದು ಇನ್ನು ಬೇಡ," ಎಂದು ನನ್ನ ಮೇಜಿನ ಮೇಲಿಟ್ಟು ಹೋದಳು.

ವಿಭಾಗ ಹೋದ ಮೇಲೆ ನನ್ನ ಹುದ್ದೆಯೂ ಹೋದಂತೆಯೇ. ದೂರದ ಕೈಗಾರಿಕಾ ಪಟ್ಟಣದ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿದೆ. ಇವಳಿಗೂ ಅಲ್ಲಿ ಔಷಧಿ ಕಂಪನಿಯೊಂದು ಬರಹೇಳಿದೆ. ಆ ಏಳನೇ ಮನೆ ನಮಗೆ ಬೇಡ ಎಂದು ತಿಳಿಸಿ ಬಂದೆ. ಮಾಲೀಕರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಮ್ಮ ಜೊತೆಗೆ ಬರುವುದಿಲ್ಲವಂತೆ. "ಹನ್ನೊಂದು ಜನರನ್ನ ಅರ್ಧ ತೋಳು ಹೊಲಿದು ಬಿಟ್ಟು ಬರ್ಲಾ?" ಅನ್ನುತ್ತಾಳೆ.

ನೀನು ಗೆದ್ದೆ ಅಕ್ಕ. ಕೆರೆ ಬತ್ತಿತು.

ತಮ್ಮ


ಜೂನ್ 2, 1997

ಪುಟ್ಟ,

ಈ ಕಾಗದನ ಅಮ್ಮಂಗೆ ತೋರಿಸಬೇಡ. ನಿನ್ನ ಹೆಂಡತಿಗೆ ತೋರಿಸಬಹುದು. ಅವಳ ಹತ್ರ ಮುಚ್ಚಿಟ್ಟು ಏನು ಸಾಧಿಸಲಿ.

ನನ್ನ ಕೆಲಸ ಹೋದ ಸೆಪ್ಟೆಂಬರಿನಲ್ಲೇ ಹೋಯ್ತು. ಏಳನೇ ಮಹಡಿ, ನಾಲ್ಕು ಜನ, ಎಲ್ಲ ನಿಜ, ಆದ್ರೆ ಸೆಪ್ಟೆಂಬರಿನ ತನಕ. ನಾನು ಮಾಡ್ತಿದ್ದ ಕೆಲಸವನ್ನ ಇನ್ನೂ ದೊಡ್ಡ ಊರಿನ ಆಫೀಸಿಗೆ ಕಳಿಸಿದ್ರು. ಬೇಕಾದ್ರೆ ಮನೆಮನೆಗೆ ಹೋಗಿ ಪ್ರಶ್ನೆ ಕೇಳೋ ಕೆಲಸ ಇದೆ, ದಿನಗೂಲಿ, ಅಂದ್ರು. ಒಪ್ಕೊಂಡೆ. ಬಾಲ್ಕನಿ ಮನೆ ಬಿಟ್ಟು ಹಾಸ್ಟೆಲಿಗೆ ಬಂದೆ, ಒಂದು ರೂಮಿಗೆ ನಾಲ್ಕು ಮಂಚ. ಕೈಬರಹ ಬದಲಾಗಿದೆ ಅಂದೆಯಲ್ಲ, ಮೆಟ್ಟಿಲ ಮೇಲೆ ಕೂತು, ತೊಡೆ ಮೇಲೆ ಫಾರಂ ಇಟ್ಟು ಬರೆದೂ ಬರೆದೂ ಹಾಗಾಯ್ತು.

ಫಾರಮ್ಮಲ್ಲಿ ಹತ್ತು ಪ್ರಶ್ನೆ. ಮನೆ ಸ್ವಂತದ್ದಾ, ಫ್ರಿಜ್ ಇದೆಯಾ, ಸ್ಕೂಟರ್ ಇದೆಯಾ, ವರ್ಷಕ್ಕೊಂದು ಸಲ ಪ್ರವಾಸ ಹೋಗ್ತೀರಾ, ಹೀಗೆ. ಆರು 'ಹೌದು' ಬಂದ್ರೆ ಆ ಮನೆ ಮಧ್ಯಮ ವರ್ಗ ಅಂತ ಗುರುತು ಹಾಕಬೇಕು. ಒಂದಿನ ಮೂರನೇ ಮಹಡಿ ಮನೆಯೊಂದರ ಬಾಗಿಲು ತೆಗೆದೋಳು ನನ್ನ ಜೊತೆ ಎಂ.ಎಸ್ಸಿ. ಓದಿದ್ದೋಳು. ಯಾವಾಗ್ಲೂ ನನ್ನ ಪಕ್ಕ ಕೂತು ನೋಡಿ ಬರೀತಿದ್ದೋಳು! "ಏನೇ ಇದು?" ಅಂದ್ಲು. "ಏನಿಲ್ಲ ಕಣೇ, ನಮ್ಮೋರು ಕೇಳೋದೆಲ್ಲ ಸರಿಯಾಗಿದೆಯಾ ಅಂತ ತಪಾಸಣೆಗೆ ಬಂದಿದೀನಿ," ಅಂದೆ. ಸೋಫಾ ಮೇಲೆ ಕೂರಿಸಿ ಟೀ ಕೊಟ್ಲು. ಹತ್ತಕ್ಕೆ ಒಂಬತ್ತು ಹೌದು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು, ಖಾಲಿ ಫಾರಂ ಒಂದನ್ನ ನನಗೇ ಅಂತ ತುಂಬಿದೆ. ಎರಡು.

ಡಿಸೆಂಬರಿನಲ್ಲಿ 'ಪರಿಚಯದೋಳು' ಅಂತ ಬರೆದೆನಲ್ಲ, ಅದು ನಾನೇ. ಬತ್ತೋ ಕೆರೆ ಅಂತ ಬಾಯಿಗೆ ಬಂದ ಹಾಗೆ ಅಂದ ಮೇಲೆ ನಾನೇ ಹೇಗೋ ಕೇಳಲಿ? ನೀನು ಇನ್ನೊಂದು ಸಲ ಕರೀತೀಯ ಅಂತ ಕಾದೆ. ಒಂದೇ ಒಂದು ಸಲ 'ಬಾ ಅಕ್ಕ' ಅಂದಿದ್ರೆ ಮಾರನೇ ದಿನಾನೇ ಬಸ್ಸು ಹತ್ತುತ್ತಿದ್ದೆ. ಕನ್ನಡಕದೋರು ಸಿಕ್ಕಿದ್ರು ಅಂತ ಬರೆದೆ. ನಂಬಿದೆ. ನೀನು ಸುಳ್ಳು ಹೇಳೋಕೆ ಯಾವಾಗ ಕಲಿತೆಯೋ? ನನ್ನ ನೋಡಿ ಕಲಿತೆ ಅನ್ಸುತ್ತೆ.

ಮದುವೆಗೆ ಬರದೇ ಇದ್ದದ್ದು ರಜೆ ಇಲ್ದೆ ಅಲ್ಲ. ಮುಖ ಇಲ್ದೆ.

ನಾನೇನೂ ಗೆಲ್ಲಲಿಲ್ಲ ಕಣೋ.

ಅಕ್ಕ


ಆಗಸ್ಟ್ 17, 1997

ಅಕ್ಕ,

ನಿನ್ನ ಕಾಗದ ಹಳೆಯ ಶಾಲೆಗೆ ಹೋಗಿ, ಅಲ್ಲಿಂದ ಹೆಡ್‌ಮಿಸ್ ಈ ಪಟ್ಟಣಕ್ಕೆ ಕಳಿಸಿ, ಕೈ ಸೇರುವಾಗ ಜುಲೈ ಮುಗಿದಿತ್ತು. ಉತ್ತರ ಬರೆಯಲು ಕೂತು ಎಷ್ಟೋ ಸಲ ಎದ್ದೆ.

ಡಿಸೆಂಬರಿನಲ್ಲಿ ನಿನ್ನ ಕಾಗದ ಬಂದಾಗ ಇವಳು, "ನಿಮ್ಮಕ್ಕ ತಾನೇ ಬರ್ಬೇಕು ಅಂತಿರೋ ಹಾಗಿದೆ. ಇನ್ನೊಂದು ಸಲ ಕೇಳಿ ನೋಡಿ," ಅಂದಿದ್ದಳು. "ನಮ್ಮಕ್ಕ ನಂಗೆ ಗೊತ್ತಿಲ್ವಾ?" ಅಂತ ಅವಳ ಬಾಯಿ ಮುಚ್ಚಿಸಿದೆ. ಈಗ ಅವಳು ಅದನ್ನು ಎತ್ತಿ ಆಡುವುದಿಲ್ಲ. ಅದೇ ನನಗೆ ಇನ್ನೂ ಕಷ್ಟವಾಗುತ್ತದೆ.

ಒಂದು ವರ್ಷದ ಕೆಳಗೆ ನಾನು ಸೊಕ್ಕು ಬಿಟ್ಟು ಎರಡು ಸಾಲು ಬರೆದಿದ್ದರೆ ಆ ಮೂವರು ಹುಡುಗಿಯರು ಇವತ್ತು ಓದುತ್ತಿದ್ದರು. ನೀನೂ ನಿನ್ನ ಮಂಚದ ಮೇಲೆ ಮಲಗುತ್ತಿದ್ದೆ.

ಅಮ್ಮನ ಹತ್ತಿರ ಹೋಗು. ಬೇರೇನೂ ಇಲ್ಲದಿದ್ದರೂ ಅಲ್ಲಿ ಒಂದು ಕೋಣೆ ಪೂರ್ತಿ ನಿನ್ನದು.

ತಮ್ಮ


ಫೆಬ್ರವರಿ 22, 1998

ಪುಟ್ಟ,

ನಾನು ಮನೆಗೆ ಬಂದು ನಾಲ್ಕು ತಿಂಗಳಾಯ್ತು. ಅಮ್ಮ ಏನೂ ಕೇಳಲಿಲ್ಲ. ಬಂದ ದಿನ ಬಾಗಿಲಲ್ಲೇ ಆ ಮದುವೆ ರವಿಕೆಗೆ ನನ್ನ ಅಳತೆ ತೆಗೆದು, "ಬಿಚ್ಚೋದು ಬೇಡ, ಒಳಗೆ ಹಿಡಿಬೇಕು," ಅಂದ್ಲು. ಅಷ್ಟೇ.

ಹೆಡ್‌ಮಿಸ್ ಏಳನೇ ತರಗತಿಗೆ ಗಣಿತ ಪಾಠ ಕೊಟ್ಟಿದಾರೆ, ತಾತ್ಕಾಲಿಕ. ಆ ಮೂವರು ಹುಡುಗಿಯರ ಮನೆಗೆ ಹೋಗಿ ಮಾತಾಡಿದೆ. ಒಬ್ಬಳಿಗೆ ಮದುವೆ ಗೊತ್ತಾಗಿದೆ. ಇನ್ನಿಬ್ಬರು ಶನಿವಾರ ನಮ್ಮ ಮನೆಗೆ ಬರ್ತಾರೆ. ನೋಟ್ಸು ವಾಪಸ್ ಇಟ್ಟು ಹೋದೋಳು ಅವರಲ್ಲಿ ಒಬ್ಬಳು. ನನಗಿಂತ ಚುರುಕು. "ಇದು ಸುಲಭ" ಅಂತ ಬರೆದಿರೋದನ್ನ ತೋರಿಸಿ, "ಮಿಸ್, ಇದನ್ನ ಓದಿ ನಂಗೆ ಅಳು ಬಂದಿತ್ತು," ಅಂದ್ಲು. ಎಲ್ಲ ಕಡೆ ಹೊಡೆದು ಹಾಕಿದೆ.

ಈಗ ವಿಷಯಕ್ಕೆ ಬರ್ತೀನಿ. ವಿಭಾಗ ಮತ್ತೆ ತೆರೆಯೋಕೆ ಹೆಡ್‌ಮಿಸ್ಸೂ ನಾನೂ ಅರ್ಜಿ ಹಾಕಿದ್ವಿ, ಮೂರು ಸಲ ಇಲಾಖೆಗೆ ಹೋಗಿ ಬಂದ್ವಿ. ಹೋದ ವಾರ ಉತ್ತರ ಬಂತು. ಸಾಧ್ಯ ಇದೆಯಂತೆ. ಗಣಿತಕ್ಕೆ ನಾನಿದೀನಿ. ರಸಾಯನಶಾಸ್ತ್ರದವರು ಇನ್ನೂ ಊರಲ್ಲೇ ಇದಾರೆ. ಭೌತಶಾಸ್ತ್ರಕ್ಕೆ ಖಾಯಂ ಟೀಚರ್ ಹೆಸರನ್ನ ಏಪ್ರಿಲ್ ಹದಿನೈದರೊಳಗೆ ಕೊಡಬೇಕು. ಇಲ್ಲ ಅಂದ್ರೆ ಇನ್ನು ಯಾವತ್ತೂ ಇಲ್ಲ.

ಈ ಸಲ ನಾನು ಯಾರ ಹೆಸರನ್ನೂ ಮುಂದೆ ಮಾಡಲ್ಲ, ಏನನ್ನೂ ಬಚ್ಚಿಡಲ್ಲ. ಊರು ನೀನು ಬಿಟ್ಟಾಗ ಇದ್ದದ್ದಕ್ಕಿಂತ ಇನ್ನೂ ಇಳಿದಿದೆ. ಆಸ್ಪತ್ರೇಲಿ ನಿನ್ನ ಹೆಂಡತಿಯ ಹಳೇ ಜಾಗಕ್ಕೆ ಯಾರನ್ನೂ ತಗೊಂಡಿಲ್ಲ, ತಗೋತಾರೆ ಅಂತ ಹೇಳೋಕೂ ಆಗಲ್ಲ. ಎಲ್ಲ ಗೊತ್ತಿದ್ದೂ ಕೇಳ್ತಿದೀನಿ.

ಬರ್ತೀಯಾ?

ಆಗಲ್ಲ ಅಂದ್ರೆ ಆಗಲ್ಲ ಅಂತ ಬರಿ. ನನಗೆ ಬೇಜಾರಾಗುತ್ತೆ ಅಂತ ಬೇರೆ ಏನೂ ಬರೀಬೇಡ.

ಅಕ್ಕ


ಮಾರ್ಚ್ 8, 1998

ಪ್ರೀತಿಯ ಅಕ್ಕ,

ಆಗುವುದಿಲ್ಲ.

ನಿನ್ನ ಕಾಗದ ಬಂದ ಸಂಜೆ ಇವಳಿಗೆ ಪೂರ್ತಿ ಓದಿದೆ, ಒಂದು ಸಾಲೂ ಬಿಡದೆ. ಅವಳು, "ನೀವು ಹೋಗೋಣ ಅಂದ್ರೆ ಬರ್ತೀನಿ," ಅಂದಳು. ಬರುತ್ತಿದ್ದಳು ಕೂಡ. ಸೆಪ್ಟೆಂಬರಿನಲ್ಲಿ ನಮಗೆ ಮಗು ಆಗುತ್ತದೆ, ಅಮ್ಮನಿಗೆ ನೀನೇ ತಿಳಿಸು. ನಾವಿರುವುದು ಟೈರ್ ಅಂಗಡಿಯ ಮೇಲೆ ಎರಡು ಕೋಣೆಯಲ್ಲಿ. ಇಡೀ ದಿನ ಕೆಳಗೆ ಗಾಳಿ ತುಂಬುವ ಸದ್ದು. ಪುಸ್ತಕಗಳೆಲ್ಲ ಇನ್ನೂ ರಟ್ಟಿನ ಪೆಟ್ಟಿಗೆಯಲ್ಲೇ ಇವೆ. ಆದರೆ ಮೆಟ್ಟಿಲ ಮೇಲೆ ಎದುರಾಗುವವರಿಗೆ ದಾರಿ ಬಿಡಲು ದಿನಕ್ಕೆ ಹತ್ತು ಸಲ ಗೋಡೆಗೆ ಒತ್ತಿ ನಿಲ್ಲಬೇಕು. ಇವಳಿಗೆ ಅದು ಇಷ್ಟ. ಈ ಮೆಟ್ಟಿಲಲ್ಲೇ ಮೂರು ಜನ ಅವಳನ್ನು ಹೆಸರು ಹಿಡಿದು ಕರೆಯುತ್ತಾರೆ.

ಮಗು, ಅವಳ ಕೆಲಸ, ನನ್ನ ಕೆಲಸ, ಇವೆಲ್ಲ ಕಾರಣಗಳೇ. ಮನಸ್ಸಿದೆ, ಪರಿಸ್ಥಿತಿ ಬಿಡುತ್ತಿಲ್ಲ ಅಂತ ಮೊದಲು ಬರೆದೆ. ಅದನ್ನು ಹರಿದೆ. ಮತ್ತೆ ಹಾಗೇ ಬರೆದು ಮತ್ತೆ ಹರಿದೆ. ನೀನು ಬಚ್ಚಿಡದೆ ಕೇಳಿದ್ದೀಯ, ನಾನೂ ಬಚ್ಚಿಡುವುದಿಲ್ಲ. ಮನಸ್ಸೂ ಇಲ್ಲ ಅಕ್ಕ. ಇದ್ದಾಗ ಪೂರ್ತಿ ಇತ್ತು. ಕೊನೆಯ ದಿನ ಪ್ರಯೋಗಾಲಯಕ್ಕೆ ಬೀಗ ಹಾಕಿದವನು ನಾನೇ. ಮತ್ತೆ ಅದೇ ಬಾಗಿಲು ತೆರೆದು, ನಾಲ್ಕು ವರ್ಷದ ಮೇಲೆ ಮತ್ತೆ ನಾನೇ ಹಾಕಬೇಕಾಗಿ ಬಂದರೆ, ಆ ಶಕ್ತಿ ನನ್ನಲ್ಲಿಲ್ಲ.

ಏಪ್ರಿಲ್ ಹದಿನೈದಕ್ಕೆ ಇನ್ನೂ ಐದು ವಾರ ಇದೆ. ನನ್ನ ಜೊತೆ ಓದಿದ ಭೌತಶಾಸ್ತ್ರದವರ ವಿಳಾಸಗಳನ್ನು ಹಿಂದಿನ ಪುಟದಲ್ಲಿ ಬರೆದಿದ್ದೇನೆ. ಹದಿನಾಲ್ಕು ಜನ. ಎಲ್ಲರಿಗೂ ಬರೆ. ಇಲ್ಲ ಅಂದವರಿಗೆ ಇನ್ನೊಂದು ಸಲ ಬರೆ, ಉತ್ತರವೇ ಕೊಡದವರಿಗೆ ಮತ್ತೊಂದು ಸಲ ಬರೆ. ಏನಂದುಕೊಳ್ಳುತ್ತಾರೋ ಎಂದು ಯೋಚಿಸಬೇಡ.

ನನಗೆ ಮಾತ್ರ ಇನ್ನು ಕೇಳಬೇಡ. ಕೇಳಿದರೆ ಹೂಂ ಅಂದುಬಿಡುತ್ತೇನೇನೋ ಎಂದು ಭಯ.

ನಿನ್ನ ತಮ್ಮ